ಬರ್ನಾಬೆಯ ಹೆಸರಿಗೆ ಬಂದ ಪಾರ್ಸಲ್

ನಮ್ಮ ಗಲ್ಲಿಯಲ್ಲಿ ಹಗಲು ಮನೆಯಲ್ಲಿರುವವರು ಕಡಿಮೆ. ಯಾರ ಪಾರ್ಸಲ್ ಬಂದರೂ ನನ್ನ ಅಂಗಡಿಗೇ ಬರುತ್ತದೆ. ನಾನು ದುಡ್ಡು ಕೊಟ್ಟು ಇಳಿಸಿಕೊಳ್ಳುತ್ತೇನೆ, ಸಂಜೆ ಅವರು ದುಡ್ಡು ತಂದುಕೊಟ್ಟು ಒಯ್ಯುತ್ತಾರೆ. ಅಕ್ಕಪಕ್ಕದವರಿಗೆ ಇಷ್ಟೂ ಮಾಡದಿದ್ದರೆ ಹೇಗೆ?

ಈ ನಂಬಿಕೆಯೇ ಯಾರಿಗೋ ಕಸುಬಾಯಿತು. ಯಾರೂ ತರಿಸದ ಪಾರ್ಸಲ್‌ಗಳು ಬರತೊಡಗಿದವು. ಬಿಚ್ಚಿದರೆ ಹಳೇ ಚಿಂದಿ, ಅದರೊಳಗೆ ಇಟ್ಟಿಗೆ ಚೂರು. ಕೌನ್ಸಿಲರ್ ಹೆಂಡತಿಗೂ ಒಂದು ಬಂತು. ಆಕೆ ಫೋನ್ ಮಾಡಿದ್ದೇ ತಡ, ಪೊಲೀಸರು ತನಿಖೆ ಮುಗಿಸಿಯೇಬಿಟ್ಟರು: ಪಾರ್ಸಲ್ ತಂದ ರುಫಿನೊನನ್ನು ಲಾಕಪ್ಪಿಗೆ ಹಾಕಿದರು. ಡಬ್ಬಿಯೊಳಗೆ ಏನಿದೆಯೆಂದು ಅವನಿಗೇನು ಗೊತ್ತು? ಕಳಿಸಿದವನನ್ನು ಹುಡುಕಬೇಕಾಗುತ್ತದೆ, ತಂದವನು ಕೈಗೇ ಸಿಗುತ್ತಾನೆ. ಎರಡು ದಿನ ಕೆಲಸಕ್ಕೆ ಹೋಗದಿದ್ದರೆ ಕಂಪನಿ ಅವನ ಜಾಗಕ್ಕೆ ಬೇರೆಯವನನ್ನು ಖಾಯಂ ಮಾಡಿಬಿಡುತ್ತದೆ.

ಠಾಣೆಗೆ ಹೋದೆ. ಸಾರ್ಜೆಂಟ್ ಅಬ್ರಿಗೊ ಪಾನ್ಸಿತ್ ಶಾವಿಗೆ ತಿನ್ನುತ್ತಿದ್ದ.

"ಸಾರ್, ರುಫಿನೊನ್ನ ಬಿಡಿ. ಕಳಿಸಿದೋನ ಮೇಲೆ ನನ್ನ ದೂರು ಬರ್ಕೊಳ್ಳಿ."

"ಡಬ್ಬಿ ಮೇಲೆ ನಿಮ್ಮ ಹೆಸರಿದ್ಯಾ, ಆಲಿಂಗ್ ಲುಮೆನ್?" ಊರವರೆಲ್ಲ ನನ್ನನ್ನು ಕರೆಯುವುದೇ ಹಾಗೆ, ಲುಮೆನಕ್ಕ ಎಂದಂತೆ.

"ನೆರೆಯೋರದು. ದುಡ್ಡು ಕೊಟ್ಟೋಳು ನಾನು."

"ಯಾರು ಕೊಡು ಅಂದ್ರು ನಿಮಗೆ? ಯಾರ ಹೆಸರಿಗೆ ಬಂತೋ ಅವರೇ ಖುದ್ದಾಗಿ ಬರ್ಬೇಕು. ರೂಲ್ಸು."

ಕಂಬಿಯ ಹಿಂದಿನಿಂದ ರುಫಿನೊ ಕೂಗಿದ, "ಆಲಿಂಗ್ ಲುಮೆನ್, ನನ್ನ ಬೈಕು ಬಿಸಿಲಲ್ಲೇ ನಿಂತಿದೆ!" ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಹೊಸ ಹುಡುಗನೊಬ್ಬ ಡಬ್ಬಿ ಹಿಡಿದು ಬಂದ.

"ಬರ್ನಾಬೆ ದಿಮಯುಗ ಅವರು ಇದ್ದಾರಾ?"

"ಇದ್ದಾರೆ. ಬೆಂಚಿನ ಕೆಳಗೆ ಮಲಗಿದ್ದಾರೆ."

ಬರ್ನಾಬೆ ನನ್ನ ನಾಯಿ. ಡಬ್ಬಿಯನ್ನು ಬಿಚ್ಚದೆ ಕಂಕುಳಲ್ಲಿಟ್ಟುಕೊಂಡು, ಅವನ ಕತ್ತಿಗೆ ಹಗ್ಗ ಹಾಕಿ ಠಾಣೆಗೆ ಎಳೆದೊಯ್ದೆ.

"ನಾಯಿ ಯಾಕೆ ತಂದ್ರಿ?" ಅಬ್ರಿಗೊ ಹೌಹಾರಿದ.

"ಹೆಸರಿದ್ದೋರೇ ಖುದ್ದಾಗಿ ಬರ್ಬೇಕು ಅಂದ್ರಲ್ಲ, ಬಂದಿದ್ದಾರೆ. ಹೆಬ್ಬೆಟ್ಟು ಒತ್ತಿಸ್ಕೊಳ್ಳಿ."

ಕಾನ್‌ಸ್ಟೇಬಲ್‌ಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

"ತಮಾಷೆ ಮಾಡ್ತೀರಾ ನಮ್ಮ ಹತ್ರ?"

"ತಮಾಷೆ ಮಾಡ್ತಿರೋದು ನಾನಲ್ಲ ಸಾರ್. ಇವನ ಹೆಸರಿಗೆ ನನ್ನ ಮನೆತನದ ಹೆಸರು ಸೇರಿಸಿ ನಾನು ವಿಳಾಸ ಬರೆದದ್ದು ಒಂದೇ ಒಂದು ಸಲ. ಕ್ರಿಸ್‌ಮಸ್‌ಗೆ ನೀವು ಇದೇ ಮೇಜಲ್ಲಿ ಕೂತು ಲಾಟರಿ ಚೀಟಿ ಮಾರಿದ್ರಿ. ಒಬ್ಬರಿಗೆ ಒಂದೇ ಅಂದ್ರಿ. ಬಹುಮಾನದ ಫ್ರಿಜ್ಜಿನ ಆಸೆಗೆ ಎರಡನೇದನ್ನ ಇವನ ಹೆಸರಲ್ಲಿ ತಗೊಂಡೆ. ಗಲ್ಲಿಯೋರೂ ಚೀಟಿ ಮೇಲೆ ಹೆಸರು, ವಿಳಾಸ ಬರ್ದು ಕೊಟ್ರು, ಕೌನ್ಸಿಲರ್ ಹೆಂಡ್ತೀನೂ ಬರ್ದು ಕೊಟ್ರು. ಆ ಚೀಟಿಗಳೆಲ್ಲ ಎಲ್ಲಿಗೆ ಹೋದ್ವು?"

ನಗು ನಿಂತಿತು. ಟೈಪ್ ಮಾಡುತ್ತಿದ್ದ ಕಾನ್‌ಸ್ಟೇಬಲ್ ತಲೆ ಎತ್ತದೆ ಹೇಳಿಬಿಟ್ಟ, "ಮೂಟೆ ಸಮೇತ ಸಾರ್ಜೆಂಟ್ ಸಾರ್ ಭಾವಮೈದ ಒಯ್ದ್ರಲ್ಲ, ಅದೇನೋ ಆನ್‌ಲೈನ್ ಅಂಗಡಿ ಇಡ್ತೀನಿ ಅಂತ..." ಅಷ್ಟರಲ್ಲಿ ನಾಲಿಗೆ ಕಚ್ಚಿಕೊಂಡ.

ಅಬ್ರಿಗೊನ ಮುಖ ಸುಣ್ಣದಂತಾಯಿತು. "ರುಫಿನೊನ್ನ ಬಿಡ್ರೋ," ಎಂದ, ಮೆಲ್ಲಗೆ.

ರುಫಿನೊ ಹೊರಗೆ ಬಂದವನೇ ಬರ್ನಾಬೆಯ ತಲೆ ಸವರಿದ. ಬೈಕಿನ ಕಡೆ ಓಡಿದ.

"ಸರಿ ಆಲಿಂಗ್ ಲುಮೆನ್, ಆಯ್ತಲ್ಲ. ಇನ್ನು ಹೊರಡಿ."

ನಾನು ಕುರ್ಚಿ ಎಳೆದುಕೊಂಡು ಕೂತೆ. "ಅವನು ಹೋದ. ಈಗ ದೂರು. ನಿಮ್ಮ ಭಾವಮೈದನ ಪೂರ್ತಿ ಹೆಸರು ಬರ್ಕೊಳ್ಳಿ."

ಅಬ್ರಿಗೊ ಮೇಜಿನ ಮೇಲೆಲ್ಲ ಪೆನ್ನು ಹುಡುಕತೊಡಗಿದ. ಪೆನ್ನು ಅವನ ಜೇಬಿನಲ್ಲೇ ಇತ್ತು. ನಾನೇ ತೆಗೆದು ಕೈಗೆ ಕೊಟ್ಟೆ.