ಕೊಡೆ ಮೊಲದ ಎಂಟನೇ ಕೋಟೆ

ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತರಾದ ಟೀಚರಮ್ಮನಿಗೆ ಶಾಲೆಯ ಮಕ್ಕಳು ಇಟ್ಟಿದ್ದ ಹೆಸರು ಹದ್ದಿನ ಕಣ್ಣು. ಪರೀಕ್ಷೆಯ ಕೋಣೆಯಲ್ಲಿ ಅವರ ಕಾವಲಿದ್ದರೆ ಕಾಪಿ ಹೊಡೆಯುವುದಿರಲಿ, ಮೂಗು ಒರೆಸಿಕೊಳ್ಳಲಿಕ್ಕೂ ಮಕ್ಕಳು ಹೆದರುತ್ತಿದ್ದರು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಅಂಥವರು ಕಪಾಟಿನ ಮೇಲಿನ ಸೂಟ್‌ಕೇಸ್ ಇಳಿಸಲು ಹೋಗಿ, ಸ್ಟೂಲಿನಿಂದ ಜಾರಿ, ಎಡಗೈ ಮಣಿಕಟ್ಟು ಮುರಿದುಕೊಂಡರು.

ಪ್ಲಾಸ್ಟರ್ ಬಿಚ್ಚುವಾಗ ಮೂಳೆ ಕೂಡಿತ್ತು, ಹೆಬ್ಬೆರಳು ಮಾತ್ರ ಮುನಿಸಿಕೊಂಡು ಕೂತಿತ್ತು. ಜೊತೆಗಿದ್ದ ತಂಗಿ ಸ್ಕೂಟರಿನ ಕೀಲಿ ಬಚ್ಚಿಟ್ಟು, ಕೈ ಸರಿಹೋಗಿದೆ ಎಂದು ಫಿಸಿಯೋಥೆರಪಿಸ್ಟ್ ಬರೆದುಕೊಡುವವರೆಗೂ ಕೊಡುವುದಿಲ್ಲ ಎಂದಳು. ಅಲ್ಲಿಯವರೆಗೆ ಹಿಂದಿನ ಸೀಟೇ ಗತಿ. ತಂಗಿಯೋ, ನಡೆದು ಹೋಗುವವರೂ ದಾಟಿಹೋಗುವಷ್ಟು ನಿಧಾನ ಓಡಿಸುವವಳು. ಪರಿಚಯದವರು ಕಂಡಲ್ಲೆಲ್ಲ ನಿಲ್ಲಿಸಿ, ಅಕ್ಕ ಬಿದ್ದ ಕಥೆಯನ್ನು ಮೊದಲಿನಿಂದ ಹೇಳುವವಳು. ಟೀಚರಮ್ಮನಿಗೆ ಆ ಸ್ಕೂಟರ್ ಬೇಕೇ ಬೇಕಿತ್ತು.

ಫಿಸಿಯೋಥೆರಪಿಸ್ಟನನ್ನು ಕಂಡ ಕೂಡಲೇ ಅವರಿಗೆ ಗುರುತು ಸಿಕ್ಕಿತು. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಆತನ ಅಂಗಿಯ ತೋಳಿನಿಂದ ಚೀಟಿ ಎಳೆದು, ಉತ್ತರಪತ್ರಿಕೆ ಕಿತ್ತುಕೊಂಡು ಹೊರಗೆ ಕಳಿಸಿದ್ದು ಇವರೇ. ಹುಡುಗನಿಗೆ ಒಂದು ವರ್ಷ ಹೋಗಿತ್ತು. ಆತನಿಗೂ ನೆನಪಿದ್ದಿರಬೇಕು. ಇಬ್ಬರೂ ಆ ಮಾತು ಎತ್ತಲಿಲ್ಲ.

ಮೊದಲ ವಾರ ಆತ ಕೊಟ್ಟ ರಬ್ಬರ್ ಚೆಂಡನ್ನು, ಹಿಚುಕುತ್ತಾ ಕೂರುವುದು ಬುದ್ಧಿಯಿಲ್ಲದವರ ಕೆಲಸವೆಂದು ಟೀಚರಮ್ಮ ಡ್ರಾಯರಿಗೆ ಎಸೆದರು. ಎರಡನೇ ವಾರ ಆತ ಅಂಗೈಯಗಲದ ಗೇಮ್ ಯಂತ್ರವೊಂದನ್ನು ಕೈಗಿಟ್ಟ. ತಾನು ಚಿಕ್ಕವನಿದ್ದಾಗ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಆಟಗಳೆಲ್ಲ ಇದರಲ್ಲಿವೆ ಎಂದ. ಎಮ್ಯುಲೇಟರ್ ಎಂಬುದೊಂದು ಒಳಗೆ ಕೂತು, ನೀನಿನ್ನೂ ನಿನ್ನ ಹಳೆಯ ಡಬ್ಬದಲ್ಲೇ ಇದ್ದೀಯ ಎಂದು ಆಟವನ್ನು ನಂಬಿಸುತ್ತದಂತೆ. ಅಂದರೆ ಆಟಕ್ಕೇ ಚಳ್ಳೆಹಣ್ಣು ತಿನ್ನಿಸುವುದು ಎಂದು ಟೀಚರಮ್ಮ ಮೂಗು ಮುರಿದರು.

ಕೊಡೆ ಹಿಡಿದ ಮೊಲವೊಂದು ಹಾರುತ್ತಾ ನೆಗೆಯುತ್ತಾ ಎಂಟು ಕೋಟೆ ದಾಟಬೇಕು. ಮೂರು ವಾರದಲ್ಲಿ ಎಂಟನ್ನೂ ದಾಟಿಸಿದರೆ ಸರ್ಟಿಫಿಕೇಟ್. ಕೊನೆಗೆ, ಏನೋ ನೆನಪಾದವನಂತೆ, ಇನ್ನೊಂದು ಸಂಗತಿ ಸೇರಿಸಿದ. ಎಡಮೂಲೆಯ ಸಣ್ಣ ಗುಂಡಿಗೆ ಹೆಬ್ಬೆರಳು, ಅದರ ಹಿಂಬದಿಯ ಗುಂಡಿಗೆ ತೋರುಬೆರಳು ಇಟ್ಟು ಎರಡನ್ನೂ ಒಟ್ಟಿಗೆ ಒತ್ತಿದರೆ ಆಟ ಇದ್ದಲ್ಲೇ ಸೇವ್ ಆಗುತ್ತದೆ. ಮೊಲ ಸತ್ತರೆ ಅಲ್ಲಿಂದಲೇ ಮತ್ತೆ ಶುರು ಮಾಡಬಹುದು.

“ಆದ್ರೆ ನೀವು ಅದನ್ನ ಮುಟ್ಟಬೇಡಿ, ಟೀಚರ್. ಕಾಪಿ ಹೊಡೆದ ಹಾಗಾಗುತ್ತೆ.”

“ನನಗೆ ಹೇಳ್ತೀಯಾ?” ಎಂದರು ಟೀಚರಮ್ಮ.

ನಾಲ್ಕು ದಿನ ಪ್ರಾಮಾಣಿಕವಾಗಿಯೇ ಆಡಿದರು. ಮೊಲ ಎರಡನೇ ಕೋಟೆಯ ಹೊಂಡಕ್ಕೆ ಬಿದ್ದು ಬಿದ್ದು ಸತ್ತಿತು. ಐದನೇ ದಿನ ತಂಗಿ ತರಕಾರಿ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ, ಸ್ಟೂಲಿನ ಕಥೆಗೆ ಅಭಿನಯವನ್ನೂ ಸೇರಿಸಿದಳು. ಮನೆಗೆ ಬಂದವರೇ ಟೀಚರಮ್ಮ ಬಚ್ಚಲುಮನೆ ಸೇರಿ, ಚಿಲಕ ಹಾಕಿಕೊಂಡು, ಹೊಂಡದ ಅಂಚಿನಲ್ಲಿ ಎರಡೂ ಗುಂಡಿ ಒತ್ತಿದರು. ಹೆಬ್ಬೆರಳು ಚುರ್ರೆಂದಿತು. ಒಂದೇ ಒಂದು ಸಲ ಎಂದುಕೊಂಡರು. ಹಾಗೆಂದುಕೊಂಡವರನ್ನೇ ತಾವು ಇಷ್ಟು ವರ್ಷ ಹಿಡಿದು ಹಾಕಿದ್ದೆಂಬುದು ಆಗ ಹೊಳೆಯಲಿಲ್ಲ. ಆಮೇಲೆ ಹೊಂಡಕ್ಕೊಂದು ಸೇವ್, ಏಣಿಗೊಂದು, ಬೆಂಕಿಯುಂಡೆಗೊಂದು. ಎಂಟನೇ ಕೋಟೆಗೆ ಬರುವಷ್ಟರಲ್ಲಿ ಮೂರು ಹೆಜ್ಜೆಗೊಂದು. ಗಳಿಗೆಗೊಮ್ಮೆ ಬಚ್ಚಲುಮನೆ ಸೇರುವ ಅಕ್ಕನಿಗೆ ಹೊಟ್ಟೆ ಕೆಟ್ಟಿದೆಯೆಂದು ತಂಗಿ ಗಂಜಿ ಕಾಯಿಸಿಕೊಟ್ಟಳು. ಟೀಚರಮ್ಮ ತೆಪ್ಪಗೆ ಕುಡಿದರು.

ಮೂರು ವಾರದ ಗಡುವು ಮುಗಿಯುವ ದಿನ ತಲೆಯೆತ್ತಿಕೊಂಡು ಹೋಗಿ, ಯಂತ್ರವನ್ನು ಆತನ ಮೇಜಿನ ಮೇಲಿಟ್ಟು, ಎಂಟೂ ಆಯಿತು ಎಂದರು. ಆತ ಅದರಲ್ಲಿ ಯಾವುದೋ ಪಟ್ಟಿ ತೆರೆದು ಅವರತ್ತ ತಿರುಗಿಸಿದ. ಒಂದೊಂದು ಸೇವ್‌ಗೂ ಒಂದೊಂದು ಪುಟ್ಟ ಚಿತ್ರ, ದಿನಾಂಕ, ಗಂಟೆ. ಒಟ್ಟು ನಾನೂರ ಹದಿನೇಳು. ಟೀಚರಮ್ಮನಿಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು.

“ಸುಮ್ನೆ ಇಟ್ಕೊಂಡಿದ್ದೆ. ಉಪಯೋಗಿಸಲಿಲ್ಲ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಆವತ್ತು ಚೀಟಿ ಸಿಕ್ಕಾಗ ಆ ಹುಡುಗ ಹೇಳಿದ್ದೂ ಇದನ್ನೇ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ.

ಆತ ನಗಲಿಲ್ಲ. ಅವರ ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹಾಳೆ ಸಿಕ್ಕಿಸಿ, ಗಟ್ಟಿಯಾಗಿ ಹಿಡಿದುಕೊಳ್ಳಲು ಹೇಳಿ, ಎಳೆದ. ಹಾಳೆ ಹರಿಯಿತೇ ಹೊರತು ಬೆರಳು ಬಿಡಲಿಲ್ಲ. ನೋವೂ ಇರಲಿಲ್ಲ.

“ಆ ಗುಂಡಿಗಳನ್ನ ಅಲ್ಲಿಗೆ ಹೊಂದಿಸಿದ್ದು ನಾನೇ, ಟೀಚರ್. ಹಿಚುಕಿ ಅಂದ್ರೆ ನೀವು ಹಿಚುಕಲ್ಲ. ಮುಟ್ಟಬೇಡಿ ಅಂದ್ರೆ ಬಿಡಲ್ಲ ಅಂತ ಗೊತ್ತಿತ್ತು.”

ಟೀಚರಮ್ಮ ಬೆಪ್ಪಾದರು. ಈ ಉಪಾಯ ಎಲ್ಲಿ ಕಲಿತೆ ಎಂದು ಕೇಳಿದರು.

“ನಿಮ್ಮ ಪರೀಕ್ಷೇಲೇ. ಸೂತ್ರ ಎಲ್ಲ ಆ ಚೀಟೀಲಿ ಹಿಡಿಸಬೇಕು ಅಂತ ಎರಡು ದಿನ ಕೂತು ಬರೆದೂ ಬರೆದೂ ಬಾಯಿಪಾಠ ಆಗಿಹೋಗಿತ್ತು. ತೆಗೆದು ನೋಡೋ ಅಗತ್ಯಾನೇ ಬೀಳಲಿಲ್ಲ. ನಿಜವಾಗ್ಲೂ ಸುಮ್ನೆ ಇಟ್ಕೊಂಡಿದ್ದೆ.”

ಆ ಹುಡುಗ ಕಳೆದುಕೊಂಡದ್ದು ಒಂದು ಇಡೀ ವರ್ಷ. ತಪ್ಪಾಯಿತು ಎಂದು ಟೀಚರಮ್ಮ ಅಭ್ಯಾಸವಿಲ್ಲದ ಬಾಯಲ್ಲಿ ತಡವರಿಸುತ್ತಾ ಹೇಳಿದರು. ಆತ ಸರ್ಟಿಫಿಕೇಟ್ ಬರೆಯುತ್ತಲೇ, ಆ ವರ್ಷವೆಲ್ಲ ಮನೆಯಲ್ಲಿ ಕೂತು ಇದೇ ಮೊಲವನ್ನು ಹಾರಿಸಿದೆ, ಮೋಸವೇನೂ ಆಗಲಿಲ್ಲ ಬಿಡಿ ಎಂದ.

ಟೀಚರಮ್ಮ ಸರ್ಟಿಫಿಕೇಟನ್ನು ಆತನತ್ತಲೇ ತಳ್ಳಿದರು.

“ಎಂಟನೇ ಕೋಟೆ ಸೇವ್ ಇಲ್ದೆ ನಿನ್ನ ಎದುರಿಗೇ ಆಡ್ತೀನಿ. ಆಮೇಲೆ ಕೊಡು. ಎದ್ದು ನಿಂತು ಕಾವಲು ಕಾಯಿ.”

ಆತ ಎದ್ದು, ಹಿಂದೆ ಕೈ ಕಟ್ಟಿ, ಥೇಟ್ ಅವರಂತೆಯೇ ನಿಂತ. ಮೊಲ ಬೆಂಕಿಯುಂಡೆ ತಪ್ಪಿಸಿಕೊಂಡಿತು, ಏಣಿ ಹತ್ತಿತು, ಎರಡು ಜೀವ ಕಳೆದುಕೊಂಡಿತು. ಕೊನೆಯ ಹೊಂಡದ ಅಂಚಿಗೆ ಬಂದಾಗ ಉಳಿದದ್ದು ಒಂದೇ ಜೀವ. ಟೀಚರಮ್ಮನ ಹಣೆಯಲ್ಲಿ ಬೆವರು. ಆತ ಅದನ್ನು ನೋಡಿದ. ಮೆಲ್ಲಗೆ ನಡೆದು ಹೋಗಿ, ಅವರಿಗೆ ಬೆನ್ನು ಹಾಕಿ, ಕಿಟಕಿಯಾಚೆಯ ಖಾಲಿ ರಸ್ತೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಾ ನಿಂತುಕೊಂಡ.

ಮೂವತ್ತನಾಲ್ಕು ವರ್ಷದಲ್ಲಿ ಟೀಚರಮ್ಮ ಒಂದು ಸಲವೂ ಯಾರಿಗಾಗಿಯೂ ಕಿಟಕಿಯತ್ತ ಮುಖ ಮಾಡಿದವರಲ್ಲ. ಆತನ ಬೆನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಕಣ್ಣು ಒರೆಸಿಕೊಂಡರು. ಆಮೇಲೆ, ಸದ್ದಾಗದಂತೆ, ಎರಡೂ ಗುಂಡಿ ಒತ್ತಿದರು.