ಅರ್ಧ ಔಷಧಿ

ನಾನೊಂದು ಕಿಟಕಿ. ತೇಗದ ಚೌಕಟ್ಟು, ಎರಡು ಬಾಗಿಲು, ಮೇಲೆ ನೀಲಿ, ಹಸಿರು, ಹಳದಿ ಗಾಜಿನ ಕಮಾನು. ಬಡಗಿ ಮೌನೇಶಾಚಾರಿ ನನ್ನನ್ನು ಮಾಡಿ ಮುಗಿಸಿದ ದಿನ ಗೋಡೆಗೆ ಒರಗಿಸಿ ಊಟಕ್ಕೆ ಹೋದರು. ಆಗ ಒಂದು ಗುಬ್ಬಿ ನನ್ನೊಳಗಿಂದ ಹಾರಿಹೋಯಿತು. ನನ್ನ ಹಿಂದೆ ಇದ್ದದ್ದು ಗೋಡೆ. ಗುಬ್ಬಿ ಎಲ್ಲಿಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ನಂಬುವವರು ನಂಬಿ.

ನನ್ನನ್ನು ದಾವಣಗೆರೆಯ ಹತ್ತಿ ಗಿರಣಿಯೊಂದರ ಮ್ಯಾನೇಜರ ಬಂಗಲೆಗೆ ಕೂಡಿಸಿದರು. ಹೊರಗೆ ಬೇವಿನ ಮರ, ಒಳಗೆ ಮ್ಯಾನೇಜರ ಸೊಸೆ ಸುಮಿತ್ರಮ್ಮನ ಮಂಚ. ಆಕೆಗೆ ಟಿ.ಬಿ. ಕಾರಿನಲ್ಲಿ ಬಂದ ಡಾಕ್ಟರು ನನ್ನ ಚೌಕಟ್ಟು ತಟ್ಟಿ, “ಇದನ್ನ ತೆಗೆದೇ ಇಡಿ. ಗಾಳಿ ಬೆಳಕು ಅರ್ಧ ಔಷಧಿ” ಎಂದರು. ಉಳಿದರ್ಧ ಯಾವುದೆಂದು ಕೇಳಲು ನನಗೆ ಪುರಸೊತ್ತಿರಲಿಲ್ಲ. ಹೆಮ್ಮೆಪಡುತ್ತಿದ್ದೆ.

ಮಧ್ಯಾಹ್ನ ನನ್ನ ಬಣ್ಣದ ಬೆಳಕು ಸುಮಿತ್ರಮ್ಮನ ಅಂಗೈಗೆ ಇಳಿಯುತ್ತಿತ್ತು. ಆಕೆ ಹಿಡಿಯಲೆಂದು ಮುಷ್ಟಿ ಕಟ್ಟಿದರೆ ಬೆಳಕು ಮುಷ್ಟಿಯ ಮೇಲೆ ಹತ್ತಿ ಕೂರುತ್ತಿತ್ತು. ಅಡುಗೆಯವಳು ಹಾಲು ತರುತ್ತಿದ್ದಳು, ಇನ್ನೊಬ್ಬಳು ಕಾಲು ಒತ್ತುತ್ತಿದ್ದಳು, ಮತ್ತೊಬ್ಬಳು ಆಕೆಯ ಮಗುವನ್ನು ಆಡಿಸುತ್ತಿದ್ದಳು. ಅವರನ್ನೆಲ್ಲ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಸುಮಿತ್ರಮ್ಮ ಎದ್ದು ಓಡಾಡಿದ ದಿನ, ಗುಣ ಮಾಡಿದ್ದು ನಾನೇ ಎಂದು ಬೇವಿನ ಮರಕ್ಕೆ ಹೇಳಿದೆ. ಮರ ತಲೆಯಾಡಿಸಿತು. ಗಾಳಿ ಇತ್ತು.

ಮುಂದೆ ಗಿರಣಿ ಮುಚ್ಚಿತು, ಬಂಗಲೆ ಕೆಡವಿದರು. ಹಳೇ ಮರದ ಅಂಗಡಿಯಲ್ಲಿ ಬಹಳ ಕಾಲ ಬಿದ್ದಿದ್ದೆ. ಅಲ್ಲಿ ಬಾಗಿಲುಗಳೆಲ್ಲ ತಮ್ಮ ತಮ್ಮ ಮನೆಗಳ ಕನಸು ಕಾಣುತ್ತಿದ್ದವು. ಯಾರೂ ಮುಟ್ಟದೆಯೇ ಒಮ್ಮೊಮ್ಮೆ ಕಿರ್ರೆನ್ನುತ್ತಿದ್ದವು, ಯಾರೋ ಒಳಗೆ ಬಂದ ಹಾಗೆ.

ಅಲ್ಲಿಗೆ ಫಕೀರವ್ವ ಬಂದಳು. ಮಂಡಕ್ಕಿ ಭಟ್ಟಿಗಳ ಹಿಂದಿನ ಸಾಲುಮನೆಯವಳು. ಮಗ ಲಾರಿಯ ಮೇಲೆ ಊರೂರು ತಿರುಗುವವನು. ಸೊಸೆ ದಾವಲಮ್ಮ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವವಳು, ಈಗ ಟಿ.ಬಿ. ಹಿಡಿದು ಮಲಗಿದ್ದಳು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಕೊಟ್ಟು, ಗಾಳಿ ಬೆಳಕು, ಹಾಲು ಮೊಟ್ಟೆ, ವಿಶ್ರಾಂತಿ ಎಂದಿದ್ದರು. ಫಕೀರವ್ವ ಮೊದಲನೆಯದನ್ನು ಕೊಳ್ಳಲು ಬಂದಿದ್ದಳು.

“ಇದ್ರಾಗೆ ಗಾಳಿ ಬರ್ತೈತೇನಪಾ?”

“ಕಿಟಕಿ ಕೊಡ್ತೀನವ್ವ. ಗಾಳಿ ನೀನೇ ತಂದ್ಕೋ,” ಎಂದ ಅಂಗಡಿಯವನು.

ಅವಳದು ಒಂದೇ ಕೋಣೆ. ಎಡಬಲಕ್ಕೆ ಪಕ್ಕದವರ ಗೋಡೆ, ಮುಂದೆ ಬಾಗಿಲಿಗೇ ಜಾಗ ಸಾಲದು. ಉಳಿದದ್ದು ಹಿಂದಿನ ಗೋಡೆ. ಅದರಾಚೆ ಭಟ್ಟಿ. ನನ್ನನ್ನು ಅಲ್ಲೇ ಕೂಡಿಸಿದರು. ಹಳೇ ಜಂಬದಲ್ಲಿ ಬಾಗಿಲು ತೆರೆದೆ. ಭಟ್ಟಿಯ ಉರಿಗೆ ಹೊಟ್ಟು, ಹಳೇ ಟೈರು ಸುಟ್ಟ ಹೊಗೆ ಒಳಗೆ ಬಂತು. ನನ್ನ ಗಾಜಿನ ಕೆಳಗೆ ಅದು ನೀಲಿ ಮೋಡವಾಗಿ, ಹಸಿರು ಮೋಡವಾಗಿ ತೇಲಿತು. ನೋಡಲು ಚೆಂದವೇ. ದಾವಲಮ್ಮ ಕೆಮ್ಮಿ ಕೆಮ್ಮಿ ಮಡಚಿಕೊಂಡಳು.

ಅವಳು ಮಲಗೇ ಇದ್ದರೆ ಭಟ್ಟಿಯಲ್ಲಿ ಅವಳ ಜಾಗ ಬೇರೆಯವರ ಪಾಲು. ಜಾಗ ಹೋದರೆ ಹಾಲು ಮೊಟ್ಟೆಯೂ ಹೋಯಿತು. ಫಕೀರವ್ವ ಸೆರಗು ಬಿಗಿದು ತಾನೇ ಹೊರಟಳು.

“ಅತ್ತೆ, ನಿಮ್ ಕೈಲಾಗಲ್ಲ ಬಿಡ್ರಿ.”

“ನಿನ್ ಗಂಡನ್ನ ಸಾಕಿದ್ದೇ ಆ ಭಟ್ಟಿ ಮುಂದೆ. ಅವನಿಗಿಂತ ಮಂಡಕ್ಕೀನೇ ಹೇಳಿದ್ ಮಾತು ಕೇಳತೈತೆ. ಸುಮ್ನೆ ಮಲಕ್ಕೋ.”

ಉರಿಗೆ ಟೈರು ಹಾಕುವ ಮೊದಲು ಅವಳು “ಮುಚ್ಚೇ” ಎಂದು ಕೂಗುತ್ತಿದ್ದಳು. ಹೊಗೆ ಕರಗಿದ ಮೇಲೆ “ತಗಿಯೇ.” ದಾವಲಮ್ಮ ನನ್ನನ್ನು ಮುಚ್ಚುತ್ತಿದ್ದಳು, ತೆಗೆಯುತ್ತಿದ್ದಳು. ಬರಬರುತ್ತ ಇಡೀ ಸಾಲು ಆ ಕೂಗಿಗೆ ಬಾಗಿಲು ಮುಚ್ಚಿ ತೆಗೆಯತೊಡಗಿತು. ಬೀದಿಯ ಬೆಕ್ಕು ಕಣ್ಣು ಮುಚ್ಚಿ ತೆಗೆಯುತ್ತಿತ್ತು. ಇದು ನಾನೇ ಕಂಡದ್ದು.

ದಾವಲಮ್ಮನ ಕೆನ್ನೆಗಳು ತುಂಬಿಕೊಂಡವು. ಅತ್ತ ಕೂಗು ತೆಳ್ಳಗಾಗುತ್ತ ಬಂತು. ಒಂದು ದಿನ ಕೂಗು ಬರಲಿಲ್ಲ, ಬರೀ ಕೆಮ್ಮು ಬಂತು. ದಾವಲಮ್ಮ ಅದನ್ನೇ ಕೇಳಿ ನನ್ನನ್ನು ಮುಚ್ಚಿದಳು. ಮುಚ್ಚಿದವಳು ನನಗೆ ಹಣೆ ಆನಿಸಿ ಬಹಳ ಹೊತ್ತು ನಿಂತಳು.

“ನಿಮಗೆ ಟಿ.ಬಿ. ಇಲ್ಲಮ್ಮ. ಎದೆ ತುಂಬ ಹೊಗೆ. ಭಟ್ಟಿ ಹತ್ರ ಹೋಗಬೇಡಿ,” ಎಂದರಂತೆ ಆಸ್ಪತ್ರೆಯಲ್ಲಿ ಅತ್ತೆಯನ್ನು ನೋಡಿದ ಡಾಕ್ಟರು.

“ಮನೀಗೂ ಹೋಗಬಾರದೇನ್ರಿ ಹಂಗಾರೆ?” ಎಂದಳಂತೆ ಫಕೀರವ್ವ.

ಗುಣವಾದ ದಾವಲಮ್ಮ ಭಟ್ಟಿಯ ಮಾಲೀಕ ಹಾಲಪ್ಪನ ಮುಂದೆ ನಿಂತು ಚಿಮಣಿ ಎತ್ತರ ಮಾಡಿಸಿ ಎಂದಳು.

“ನಮ್ಮಪ್ಪನ ಕಾಲದ್ ಚಿಮಣಿ ಕಣಮ್ಮ ಅದು. ಅವ್ರಿಗೇನಾತು?”

“ತೀರ್ಕೊಂಡ್ರಲ್ರಿ.”

“ಅದು ಬ್ಯಾರೆ ವಿಷ್ಯ.”

ಮರುದಿನ ಬೆಳಿಗ್ಗೆ ಯಾರೂ ಕೆಲಸಕ್ಕೆ ಹೊರಡುವ ಮೊದಲೇ ದಾವಲಮ್ಮ ಭಟ್ಟಿ ಮುಂದೆ ನಿಂತು “ಮುಚ್ಚಿ” ಎಂದು ಕೂಗಿದಳು. ಸಾಲಿನ ಬಾಗಿಲುಗಳೆಲ್ಲ ಮುಚ್ಚಿದವು. “ತಗೀರಿ” ಎನ್ನಲೇ ಇಲ್ಲ. ಮನೆಗೆ ಬಂದು ಅತ್ತೆಯ ಪಕ್ಕದಲ್ಲಿ ಕೂತಳು. ಕೆಲಸದವರೆಲ್ಲ ಒಳಗೆ, ಭಟ್ಟಿ ತಣ್ಣಗೆ ಹೊರಗೆ. ಸಾಲಿಗೆ ಸಾಲೇ ಇದ್ದ ಮಂಡಕ್ಕಿ ತಿಂದು ದಿನ ನೂಕಿತು. ಬರೀ ಮಂಡಕ್ಕಿ ತಿಂದು ಹಗುರಾಗಿ ಮನೆಗಳು ನೆಲದಿಂದ ಒಂದು ಬೆರಳಷ್ಟು ಮೇಲೆದ್ದು, ದೋಣಿಗಳ ಹಾಗೆ ಮೆಲ್ಲಗೆ ತೂಗಾಡಿದವು. ತೇಲಿಹೋಗದಂತೆ ಅವನ್ನು ಹಿಡಿದಿಟ್ಟದ್ದು ಭಾರದ ಕಿಟಕಿಯಾದ ನಾನೇ.

ಕೊನೆಗೆ ಹಾಲಪ್ಪ ಹಿಂದಿನಿಂದ ಬಂದು ನನ್ನನ್ನು ತಟ್ಟಿದ. “ತಗೀರವ್ವ, ಮಾತಾಡಾಣ.”

“ಡಾಕ್ಟರು ರೆಸ್ಟ್ ಹೇಳ್ಯಾರ್ರಿ,” ಎಂದಳು ಫಕೀರವ್ವ ಮಲಗಿದಲ್ಲಿಂದಲೇ. “ಇಡೀ ಸಾಲಿಗೆ.”

ಚಿಮಣಿ ಏರಿತು. ಹೊಗೆ ನಮ್ಮ ತಲೆಯ ಮೇಲೆ ಹಾದು ಹಳೇ ಬಂಗಲೆ ಇದ್ದ ಕಡೆಗೆ ಹೊರಟಿತು. ಅಲ್ಲೀಗ ಎತ್ತರದ ಅಪಾರ್ಟ್‌ಮೆಂಟ್. ನಮ್ಮ ಸಾಲಿಗೆ ಎಂದೂ ಬಾರದ ಅಧಿಕಾರಿಯೊಬ್ಬರು ಆ ವಾರವೇ ಜೀಪಿನಲ್ಲಿ ಬಂದು, ಹೊಗೆ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ತಿಳಿಸಿದರು. ಟೈರು ಸುಡುವುದು ನಿಂತಿತು.

“ಕೆಮ್ಮಿದ್ರೆ ಮೂರನೇ ಮಹಡೀಲಿ ಕೆಮ್ಮಬೇಕು ನೋಡೇ,” ಎಂದಳು ಫಕೀರವ್ವ ಸೊಸೆಗೆ.

ಈಗ ನನ್ನ ಒಂದು ಬಾಗಿಲು ಜೋತುಬಿದ್ದಿದೆ, ಹಸಿರು ಗಾಜು ಸೀಳು ಬಿಟ್ಟಿದೆ. ಫಕೀರವ್ವನ ಎದೆ ಪೂರ್ತಿ ಸರಿಹೋಗಲಿಲ್ಲ, ಹೋಗುವುದೂ ಇಲ್ಲವಂತೆ. ಮಧ್ಯಾಹ್ನ ನೀಲಿ ಬೆಳಕು ಅವಳ ಸುಟ್ಟ ಗೆರೆಗಳ ಅಂಗೈಗೆ ಇಳಿಯುತ್ತದೆ. ಗುಣ ಮಾಡುತ್ತೇನೆಂದು ನಾನು ಯಾರಿಗೂ ಹೇಳುವುದಿಲ್ಲ. ಹೇಳಲು ಇಲ್ಲಿ ಬೇವಿನ ಮರವೂ ಇಲ್ಲ. ಭಟ್ಟಿಯಿಂದ ಬಂದ ದಾವಲಮ್ಮ ಆ ಅಂಗೈ ಮೇಲೆ ಸುಲಿದ ಮೊಟ್ಟೆ ಇಡುತ್ತಾಳೆ. ಮೊಟ್ಟೆ ನೀಲಿಯಾಗುತ್ತದೆ. ಫಕೀರವ್ವ ಅದನ್ನು ಎರಡು ಮಾಡುತ್ತಾಳೆ.

“ಅರ್ಧ ನೀ ತಿನ್ನು. ನಾಳೆ ಭಟ್ಟಿ ಮುಂದೆ ನಿಲ್ಲೋಳು ನೀನು.”