ಬೂ ಧಾರಿಯ ದಿವಾನಿಯಾದ ತಂಪು

ಆಗಸ್ಟಿನಲ್ಲಿ ನಮ್ಮ ಕುವೈತಿನ ಬಡಾವಣೆ ಅರ್ಧ ಖಾಲಿ. ಜನ ತಂಪು ಹುಡುಕಿಕೊಂಡು ಹೊರದೇಶಕ್ಕೆ ಹೋಗುತ್ತಾರೆ, ಮನೆಯ ಏಸಿ ಮಾತ್ರ ಇಲ್ಲೇ ಓಡುತ್ತಿರುತ್ತದೆ. ಸೆಕೆಗೆ ಸೋಫಾ, ಪರದೆ ಕೆಡಬಾರದಲ್ಲ. ವಿದ್ಯುತ್ ಇಲಾಖೆಯ ಎಂಜಿನಿಯರ್ ಮುನೀರಾ ಇದೊಂದನ್ನು ಮರೆತಳು. ಇಲ್ಲೇ ಹುಟ್ಟಿ ಬೆಳೆದವಳಿಗೆ ಅದು ಕಣ್ಣಿಗೇ ಬೀಳಲಿಲ್ಲವೇನೋ.

ಮೂಲೆಯ ಮೈದಾನದಲ್ಲಿ ಅವಳು ಇರಿಸಿದ್ದ ಬ್ಯಾಟರಿಗಳು ಹಗಲೆಲ್ಲ ಬಿಸಿಲಿನ ವಿದ್ಯುತ್ತು ತುಂಬಿಕೊಂಡು, ಸೂರ್ಯ ಮುಳುಗಿದ ಮೇಲೆ ರಾತ್ರಿಯ ಇಶಾ ನಮಾಜಿನ ತನಕ ಬಡಾವಣೆಯನ್ನು ನಡೆಸಬೇಕಿತ್ತು. ನಡೆಸಿದರೆ ಸರ್ಕಾರದ ಹೊಸ ಯೋಜನೆಯಲ್ಲಿ ಬ್ಯಾಟರಿಗೆ ಜಾಗ. ಇಲ್ಲದಿದ್ದರೆ ಹೊರಗಿಂದ ತರಿಸುವ ಗ್ಯಾಸಿನಲ್ಲಿ ಓಡುವ ಇನ್ನೊಂದು ಸ್ಥಾವರ. ಜನ ಅರ್ಧ, ಬಳಕೆಯೂ ಅರ್ಧ ಎಂದು ಅವಳ ಲೆಕ್ಕ. ಪರೀಕ್ಷೆಯ ಮಧ್ಯಾಹ್ನ ಮೀಟರು ನೋಡಿದರೆ ಖಾಲಿ ಮನೆಗಳೂ ತುಂಬಿದ ಮನೆಗಳಷ್ಟೇ ವಿದ್ಯುತ್ತು ಎಳೆಯುತ್ತಿದ್ದವು.

ಲಂಡನ್ನಿಗೆ, ಕೈರೋಗೆ ಹೋಗಿದ್ದ ಮನೆಯವರಿಗೆ ಫೋನು ಹಚ್ಚಿ, ಏಸಿ ಆರಿಸಲು ಕೇಳಿದಳು. ಬೈದವರುಂಟು, ಇಷ್ಟು ಓದಿಯೂ ಇದು ಹೊಳೆಯಲಿಲ್ಲವೇ ಎಂದು ನಕ್ಕವರುಂಟು. ಕೊನೆಗೆ ಮನೆ ಕಾಯುವವರಿಗೆ ಹೇಳಿ ಏಸಿ ಆರಿಸಿದರು. ಒಪ್ಪದವನು ಅವಳಪ್ಪ ಬೂ ಧಾರಿ ಒಬ್ಬನೇ. ಅವನು ಟರ್ಕಿಯ ಟ್ರಾಬ್ಜಾನಿನ ಬೆಟ್ಟದಲ್ಲಿದ್ದ. ಆದರೆ ಅವನ ದಿವಾನಿಯಾ, ಸಂಜೆ ಗಂಡಸರು ಸೇರುವ ಆ ದೊಡ್ಡ ಹಜಾರ, ಯಜಮಾನ ಇರಲಿ ಬಿಡಲಿ, ತೆರೆದಿರಬೇಕು, ತಂಪಾಗಿರಬೇಕು.

ಸೂರ್ಯ ಮುಳುಗಿದ. ಬ್ಯಾಟರಿ ಬೇಗ ಬೇಗ ಇಳಿಯತೊಡಗಿತು. ಮುನೀರಾ ದಿವಾನಿಯಾದ ಹೊಸ್ತಿಲಿಗೆ ಬಂದು ನಿಂತಳು. ಒಳಗೆ ನಾವು ಕೆಲವರು ಮುದುಕರು ಇಸ್ಪೀಟಾಡುತ್ತಿದ್ದೆವು. ಅವಳ ಕಷ್ಟ ಅರ್ಥವಾಯಿತು. ಆದರೆ ಅತಿಥಿಯಾದವನು ಯಜಮಾನನ ಸ್ವಿಚ್ಚು ಮುಟ್ಟುವುದುಂಟೇ? ಅವಳು ಅಪ್ಪನಿಗೆ ಫೋನು ಹಚ್ಚಿ, ನಮ್ಮಲ್ಲಿ ಹಿರಿಯನಾದ ಬೂ ಖಲಫನ ಕೈಗಿತ್ತಳು.

“ಬೂ ಖಲಫ್, ಅಲ್ಲಿ ಸೆಕೆ ಆಗ್ತಿಲ್ಲ ತಾನೆ?” ಎಂದು ಬೂ ಧಾರಿಯೇ ಮೊದಲು ಕೇಳಿದ.

“ಸೆಕೆ ಎಲ್ಲಿಂದ ಬಂತು ಮಾರಾಯ? ಚಳಿಗೆ ನನ್ನ ಮಂಡಿ ಹಿಡ್ಕೊಂಡಿದೆ. ಎಷ್ಟೋ ವರ್ಷದಿಂದ ಹಿಂಗೇ.”

“ಯಾಕೆ ಹೇಳ್ಲಿಲ್ಲ?”

“ಕರೆದು ಕೂರಿಸ್ದೋನ ಮನೇಲಿ ಚಳಿ ಅಂತ ಹೆಂಗಪ್ಪಾ ಹೇಳೋದು?”

“ಮಗಳಿಗೆ ಹೇಳು, ಆರಿಸ್ಲಿ” ಎಂದ ಬೂ ಧಾರಿ.

ಇಶಾ ಅಜಾನ್ ಕೇಳುವವರೆಗೂ ಬ್ಯಾಟರಿ ಹೇಗೋ ನಿಂತಿತು. ಪರೀಕ್ಷೆ ನೋಡಲು ಬಂದಿದ್ದ ಮೇಲಧಿಕಾರಿ ಯಶಸ್ವಿ ಎಂದು ಬರೆಯಹೊರಟ. ಮುನೀರಾ ಬಿಡಲಿಲ್ಲ, ತಾನು ಮನೆಮನೆಗೆ ಫೋನು ಮಾಡಿದ್ದನ್ನೂ ಸೇರಿಸಿ ಎಂದಳು. ಸೇರಿಸಿದರೆ ನಿನ್ನ ಬ್ಯಾಟರಿ ಯೋಜನೆಯಿಂದ ಬಿದ್ದುಹೋಗುತ್ತದೆ ಎಂದು ಅವನು ಎಚ್ಚರಿಸಿದ.

“ಪ್ರತಿ ಆಗಸ್ಟಲ್ಲೂ ಹಿಂಗೆ ಫೋನ್ ಹಿಡ್ಕೊಂಡು ಕೂರಕ್ಕಾಗಲ್ಲ ಸಾಹೇಬ್ರೆ. ಬರೀರಿ.”

ಆ ವರ್ಷ ಒಪ್ಪಿಗೆ ಸಿಕ್ಕಿದ್ದು ಗ್ಯಾಸಿನ ಸ್ಥಾವರಕ್ಕೇ. ಬ್ಯಾಟರಿಗೆ ಸಿಕ್ಕಿದ್ದು ಮುಂದಿನ ಬೇಸಿಗೆಯಲ್ಲಿ ಮತ್ತೊಂದು ಪರೀಕ್ಷೆ, ಈ ಸಲ ಖಾಲಿ ಮನೆಗಳನ್ನೂ ಲೆಕ್ಕಕ್ಕೆ ಹಿಡಿದು.